ಮುಪ್ಪಿನ ಮನೆಗೆ ಬಂದ ಮಾತಿನ ಯಂತ್ರ

ವಯಸ್ಸು ಏರುತ್ತ ಹೋದಂತೆ ಮನುಷ್ಯನಿಗೆ ಕೇಳಿ ತಿಳಿಯಬೇಕಾದ ಸಂಗತಿಗಳು ಹೆಚ್ಚುತ್ತವೆ. ಕೇಳುವುದಕ್ಕೆ ಹತ್ತಿರದಲ್ಲಿರುವ ಜನರು ಮಾತ್ರ ಕಡಮೆಯಾಗುತ್ತಾರೆ. ಬ್ಯಾಂಕಿನಿಂದ ಬಂದ ಕಾಗದದ ಅರ್ಥವೇನು, ರಕ್ತಪರೀಕ್ಷೆಯ ಚೀಟಿಯಲ್ಲಿರುವ ಅಂಕಿಗಳು ಏನನ್ನು ಸೂಚಿಸುತ್ತವೆ, ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನು ಯಾವ ತಿಂಗಳಲ್ಲಿ ಕೊಡಬೇಕು, ಮೊಬೈಲಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳುವುದು ಹೇಗೆ—ಇವೆಲ್ಲ ದಿನದಿನದ ಪ್ರಶ್ನೆಗಳು. ಮಗನು ಬೇರೆ ಊರಿನಲ್ಲಿ ಉದ್ಯೋಗದಲ್ಲಿರುತ್ತಾನೆ. ಸೊಸೆಗೆ ಮನೆಗೆಲಸದ ಜೊತೆಗೆ ಕಚೇರಿಯ ಕೆಲಸವೂ ಉಂಟು. ಮೊಮ್ಮಗಳಿಗೆ ಪರೀಕ್ಷೆಯ ಚಿಂತೆ. ಒಮ್ಮೆ ಕೇಳಿದುದನ್ನೇ ಮತ್ತೊಮ್ಮೆ ಕೇಳಿದರೆ, “ಮೊನ್ನೆ ತಾನೆ ಹೇಳಿದೆನಲ್ಲ, ತಾತ” ಎಂಬ ಉತ್ತರ ಬರುತ್ತದೆ. ಆ ಮಾತಿನಲ್ಲಿ ತಿರಸ್ಕಾರವೇನೂ ಇರಲಾರದು. ಆದರೂ ಎಪ್ಪತ್ತು ದಾಟಿದವರ ಮನಸ್ಸಿಗೆ ಅದು ತಾಕುತ್ತದೆ. ಮೂರನೆಯ ಸಲ ಕೇಳುವುದಕ್ಕೆ ಬಾಯಿ ಬಾರದು.

ಇಂತಹ ಸಮಯದಲ್ಲಿ, ಎಷ್ಟು ಸಲ ಕೇಳಿದರೂ ಬೇಸರಗೊಳ್ಳದೆ, ಹೊತ್ತುಗೊತ್ತು ನೋಡದೆ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರ ಹೇಳುವ ಯಂತ್ರವೊಂದು ಕೈಯಲ್ಲಿರುವ ಮೊಬೈಲಿನೊಳಗೇ ಬಂದು ಕುಳಿತಿರುವುದು ನಮ್ಮ ಕಾಲದ ಒಂದು ವಿಶೇಷವೆನ್ನಬೇಕು. ಇದನ್ನು ಚಾಟ್‌ಬಾಟ್ ಎಂದು ಕರೆಯುತ್ತಾರೆ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಮೊದಲಾದುವು ಇದರ ಬೇರೆಬೇರೆ ಜಾತಿಗಳು. ಮನೆಯ ಹಿರಿಯರಿಗೆ ಇದರಿಂದ ಆಗುವ ಉಪಯೋಗವೆಷ್ಟು, ಎಚ್ಚರ ತಪ್ಪಿದರೆ ಒದಗುವ ಕೇಡೆಷ್ಟು ಎಂಬುದನ್ನು ಮನೆಮಂದಿಯೆಲ್ಲ ಕೂಡಿ ವಿಚಾರಮಾಡತಕ್ಕ ಕಾಲ ಬಂದಿದೆಯೆಂದು ನಮಗೆ ತೋರುತ್ತದೆ.

ಯಂತ್ರದ ಪೂರ್ವೋತ್ತರ

ಯಂತ್ರದೊಡನೆ ಮಾತನಾಡುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸರು ‘ಎಲೈಜಾ’ ಎಂಬ ಗಣಕಯೋಜನೆಯ ವಿವರವನ್ನು 1966ರಲ್ಲಿ ಪ್ರಕಟಿಸಿದರು. ಅದು ಮಾಡುತ್ತಿದ್ದುದು ಬಹಳ ಸರಳವಾದ ಕೆಲಸ. “ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ” ಎಂದು ಯಾರಾದರೂ ಬರೆದರೆ, ಆ ಮಾತನ್ನೇ ತಿರುಗಿಸಿ “ನೆಮ್ಮದಿಯಿಲ್ಲವೆಂದು ಏಕೆ ಹೇಳುತ್ತೀರಿ?” ಎಂಬಂತಹ ಪ್ರಶ್ನೆಯನ್ನು ಹಾಕುತ್ತಿತ್ತು. ಅಷ್ಟಾದರೂ, ಆ ಯಂತ್ರದ ರಚನೆಯನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ ಅದರೊಡನೆ ನಾಲ್ಕು ಮಾತನಾಡಿದ ಮೇಲೆ, ತಾವು ಸ್ವಲ್ಪ ಹೊರಗೆ ಹೋಗಬೇಕೆಂದು ಅವರನ್ನು ಕೇಳಿಕೊಂಡಳಂತೆ. ತನ್ನ ಗುಟ್ಟಿನ ಮಾತು ಯಂತ್ರಕ್ಕೆ ಮಾತ್ರ ತಿಳಿಯಲೆಂಬುದು ಆಕೆಯ ಭಾವ. ವೈಜೆನ್‌ಬಾಮ್ ಅವರು 1976ರಲ್ಲಿ ಬರೆದ ಗ್ರಂಥದಲ್ಲಿ ಇದನ್ನು ಆಶ್ಚರ್ಯದಿಂದಲೂ ಕಳವಳದಿಂದಲೂ ಹೇಳಿಕೊಂಡಿದ್ದಾರೆ. ಆ ಕಳವಳಕ್ಕೆ ಕಾರಣವಿತ್ತೆಂಬುದನ್ನು ಮುಂದೆ ನೋಡೋಣ.

ಈಗಿನ ಯಂತ್ರಗಳ ಶಕ್ತಿ ಇದಕ್ಕಿಂತ ಎಷ್ಟೋ ಮಡಿ ಹೆಚ್ಚಿನದು. ಓಪನ್‌ಎಐ ಎಂಬ ಸಂಸ್ಥೆ 2022ನೆಯ ನವೆಂಬರ್ 30ರಂದು ಚಾಟ್‌ಜಿಪಿಟಿಯನ್ನು ಲೋಕಕ್ಕೆ ತೆರೆದಿಟ್ಟಿತು. 2024ರಲ್ಲಿ ನಮ್ಮ ದೇಶದ ವಾಟ್ಸ್ಯಾಪ್ ಬಳಕೆದಾರರಿಗೂ ಮೆಟಾ ಸಂಸ್ಥೆಯ ಅಂತಹುದೇ ಒಂದು ಯಂತ್ರ ದೊರೆಯಿತು. ಹೀಗೆ, ಹುಡುಕಿಕೊಂಡು ಹೋಗದವರ ಮನೆಯ ಬಾಗಿಲಿಗೂ ಅದು ತಾನಾಗಿಯೇ ಬಂದುಬಿಟ್ಟಿತು.

ಇದು ಉತ್ತರ ಹೇಳುವ ಬಗೆ ಯಾವುದು? ನಮ್ಮ ಹಳ್ಳಿಗಳಲ್ಲಿ ವರ್ಷವರ್ಷವೂ ಭಾರತವಾಚನವನ್ನು ಕೇಳಿ ಕೇಳಿ ಪಳಗಿದವರಿರುತ್ತಿದ್ದರಷ್ಟೆ. ಗಮಕಿಗಳು ಪದ್ಯದ ಅರ್ಧದಲ್ಲಿ ನಿಲ್ಲಿಸಿದರೆ ಅಂಥವರು ಉಳಿದರ್ಧವನ್ನು ತಾವೇ ಹೇಳಿಬಿಡುವರು. ನೆನಪು ತಪ್ಪಿದ ಕಡೆ, ಛಂದಸ್ಸಿಗೆ ಹೊಂದುವ ಬೇರೆ ಮಾತನ್ನು ತಡವರಿಸದೆ ಸೇರಿಸಿಬಿಡುವ ಜಾಣರೂ ಅವರಲ್ಲಿ ಇರುತ್ತಿದ್ದರು. ಮೂಲವನ್ನು ಬಲ್ಲವರ ಹೊರತು ಉಳಿದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಈ ಯಂತ್ರದ ನಡೆಯೂ ಬಹಳ ಮಟ್ಟಿಗೆ ಹೀಗೆಯೇ. ಅಪಾರವಾದ ಬರೆಹವನ್ನು ಅದಕ್ಕೆ ಉಣಿಸಿರುತ್ತಾರೆ. ಇಂಥ ಮಾತಿನ ಮುಂದೆ ಎಂಥ ಮಾತು ಬರುವುದು ಸಹಜ ಎಂಬುದನ್ನು ಅದು ಗಣಿತದಿಂದ ಎಣಿಸಿ, ಒಂದೊಂದೇ ತುಣುಕನ್ನು ಪೋಣಿಸುತ್ತ ಹೋಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ಹಾಗೆ ಪೋಣಿಸಿದುದು ಸರಿಯಾಗಿಯೇ ಇರುತ್ತದೆ. ತಿಳಿಯದ ಕಡೆಯಲ್ಲಿಯೂ ಅದು ಪೋಣಿಸುವುದನ್ನು ಬಿಡದಿರುವುದುಂಟು. ಆಗ ಮಾತಿನ ಓಟ ಸೊಗಸಾಗಿರುತ್ತದೆ, ಸಂಗತಿ ಸುಳ್ಳಾಗಿರುತ್ತದೆ. ಈ ಒಂದು ಗುಣವನ್ನು ಅರಿತವರಿಗೆ ಇದರ ಬಳಕೆಯ ಅರ್ಧ ವಿದ್ಯೆ ಬಂದಂತೆಯೇ ಸರಿ.

ಇದರಿಂದ ಆಗುವ ಅನುಕೂಲಗಳು

ಹಿರಿಯರಿಗೆ ಇದು ಎಲ್ಲಕ್ಕಿಂತ ಮೊದಲು ಒಬ್ಬ ಒಳ್ಳೆಯ ಗುಮಾಸ್ತೆ. ಬೀದಿಯ ದೀಪ ಉರಿಯುತ್ತಿಲ್ಲವೆಂದು ನಗರಸಭೆಗೆ ಅರ್ಜಿ ಬರೆಯಬೇಕು. ಮಗಳ ಮನೆಯ ಗೃಹಪ್ರವೇಶಕ್ಕೆ ಬಂಧುಗಳನ್ನು ಕರೆಯುವ ಕಾಗದ ಬರೆಯಬೇಕು. ವಿದೇಶದಲ್ಲಿರುವ ಮೊಮ್ಮಗನಿಗೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಕಳುಹಿಸಬೇಕು. ಇವುಗಳಲ್ಲಿ ಯಾವುದನ್ನಾದರೂ ಬಾಯಿಮಾತಿನಲ್ಲಿ ಹೇಳಿದರೆ ಯಂತ್ರವು ಅಚ್ಚುಕಟ್ಟಾಗಿ ಬರೆದುಕೊಡುತ್ತದೆ. ಬೆರಳು ನಡುಗುವವರು ಅಕ್ಷರವನ್ನು ಒತ್ತಬೇಕಾಗಿಲ್ಲ. ಮೈಕಿನ ಗುರುತನ್ನು ಮುಟ್ಟಿ ಮಾತನಾಡಿದರೆ ಸಾಕು. ಕಣ್ಣು ಮಂಜಾದವರಿಗೆ ಉತ್ತರವನ್ನು ಅದು ಓದಿಯೂ ಹೇಳುತ್ತದೆ. ನಮ್ಮ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಬೀದಿಯವರ ಅರ್ಜಿಗಳನ್ನೆಲ್ಲ ಈಗ ಹೀಗೆಯೇ ಸಿದ್ಧಪಡಿಸುತ್ತಾರೆ. ಬರೆದು ಬಂದುದನ್ನು ಕೆಂಪು ಶಾಯಿಯ ಕಾಲದ ಅಭ್ಯಾಸದಂತೆ ತಿದ್ದಿದ ಮೇಲೆಯೇ ರುಜು ಹಾಕಿಸುತ್ತಾರೆ. ಇದು ಅನುಕರಣೆಗೆ ಯೋಗ್ಯವಾದ ಪದ್ಧತಿ.

ಎರಡನೆಯದಾಗಿ, ಇದು ಕಠಿನವಾದುದನ್ನು ಬಿಡಿಸಿ ಹೇಳಬಲ್ಲ ಉಪಾಧ್ಯಾಯ. ವಿಮೆಯ ಪತ್ರದ ಸಣ್ಣಕ್ಷರದ ಷರತ್ತುಗಳನ್ನಾಗಲಿ, ಔಷಧದ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಚೀಟಿಯನ್ನಾಗಲಿ ಚಿತ್ರ ತೆಗೆದು ತೋರಿಸಿದರೆ, ಅದರ ಸಾರವನ್ನು ತಿಳಿಗನ್ನಡದಲ್ಲಿ ಹೇಳುತ್ತದೆ. ವೈದ್ಯರ ಬಳಿಗೆ ಹೋಗುವ ಹಿಂದಿನ ದಿನ, “ನನಗೆ 72 ವರ್ಷ, ರಕ್ತದೊತ್ತಡಕ್ಕೂ ಸಕ್ಕರೆಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಚೆಗೆ ರಾತ್ರಿ ಕಾಲು ಸೆಳೆಯುತ್ತದೆ, ವೈದ್ಯರನ್ನು ಏನೇನು ಕೇಳಬೇಕು?” ಎಂದರೆ, ಐದಾರು ಪ್ರಶ್ನೆಗಳನ್ನು ಪಟ್ಟಿಮಾಡಿಕೊಡುತ್ತದೆ. ವೈದ್ಯರ ಮುಂದೆ ಕುಳಿತೊಡನೆ ಹೇಳಬೇಕಾದುದೆಲ್ಲ ಮರೆತುಹೋಗುವವರಿಗೆ ಈ ಪಟ್ಟಿಯಿಂದಾಗುವ ಉಪಕಾರ ಸಣ್ಣದಲ್ಲ.

ಕೇಳುವುದರಲ್ಲಿಯೂ ಒಂದು ಕ್ರಮವುಂಟು. ನಮ್ಮ ವಯಸ್ಸು, ಊರು, ಉದ್ದೇಶ ಇವನ್ನು ಮೊದಲೇ ಹೇಳಬೇಕು. “ಒಮ್ಮೆಗೆ ಒಂದೇ ಹೆಜ್ಜೆಯನ್ನು ಹೇಳು, ನಾನು ಆಯಿತೆಂದ ಮೇಲೆ ಮುಂದಿನದನ್ನು ಹೇಳು” ಎಂದು ಅಪ್ಪಣೆಮಾಡಬಹುದು. ಅರ್ಥವಾಗದಿದ್ದರೆ “ಇನ್ನೂ ಸುಲಭವಾಗಿ ಹೇಳು” ಎನ್ನಬಹುದು. ಇಲ್ಲಿ ನಾಚಿಕೊಳ್ಳುವ ಕಾರಣವಿಲ್ಲ. ಹತ್ತನೆಯ ಸಲ ಕೇಳಿದರೂ ಅದು ಮುಖ ಸಿಂಡರಿಸುವುದಿಲ್ಲ.

ಕನ್ನಡದಲ್ಲಿ ಕೇಳುವವರಿಗೆ ಒಂದು ಮಾತು

ಯಂತ್ರವು ಕನ್ನಡವನ್ನು ಆಡುವುದೇನೋ ದಿಟ. ಆದರೆ ಇಂಗ್ಲಿಷಿನಷ್ಟು ಬಲವಾಗಿ ಆಡುವುದಿಲ್ಲ. ಅದಕ್ಕೆ ಉಣಿಸಿದ ಬರೆಹದಲ್ಲಿ ಇಂಗ್ಲಿಷಿನ ಪಾಲು ಬಹಳ ದೊಡ್ಡದು, ಕನ್ನಡದ ಪಾಲು ಬಹಳ ಸಣ್ಣದು. ನಮ್ಮ ಊರೂರಿನ ಆಡುಮಾತು ಅಚ್ಚಾದುದೇ ಕಡಮೆ. ಅಚ್ಚಾದುದರಲ್ಲಿಯೂ ಗಣಕಕ್ಕೆ ಏರಿದುದು ಇನ್ನೂ ಕಡಮೆ. ಈ ಕೊರತೆಯನ್ನು ತುಂಬುವುದಕ್ಕಾಗಿ ಭಾರತ ಸರ್ಕಾರವು 2022ರಲ್ಲಿ ‘ಭಾಷಿಣಿ’ ಎಂಬ ಯೋಜನೆಯನ್ನು ಆರಂಭಿಸಿತು. ಮದರಾಸಿನ ಐ.ಐ.ಟಿ.ಯಲ್ಲಿರುವ ‘ಎಐ4ಭಾರತ್’ ಎಂಬ ಸಂಶೋಧಕರ ಬಳಗವೂ ನಮ್ಮ ದೇಶಭಾಷೆಗಳಿಗಾಗಿ ದುಡಿಯುತ್ತಿದೆ. ಆದರೂ ಸದ್ಯಕ್ಕೆ ಎಚ್ಚರ ಅಗತ್ಯ. ಒಂದು ಉದಾಹರಣೆಯನ್ನು ನೋಡಿರಿ. ‘ಖಾತೆ’ ಎಂಬ ಮಾತು ನಮ್ಮಲ್ಲಿ ಬ್ಯಾಂಕಿನ ಲೆಕ್ಕಕ್ಕೂ ಸಲ್ಲುತ್ತದೆ, ಮನೆ ನಿವೇಶನಗಳ ದಾಖಲೆಗೂ ಸಲ್ಲುತ್ತದೆ. “ಖಾತೆಯನ್ನು ಮಗನ ಹೆಸರಿಗೆ ಮಾಡುವುದು ಹೇಗೆ?” ಎಂದಷ್ಟೇ ಕೇಳಿದರೆ ಯಂತ್ರವು ಎತ್ತಲೋ ಹೋಗಬಹುದು. “ನಗರಸಭೆಯಲ್ಲಿರುವ ಮನೆಯ ಖಾತೆ” ಎಂದು ಬಿಡಿಸಿ ಹೇಳುವುದು ಲೇಸು.

ಔಷಧ, ಹಣ, ಕಾಯಿದೆ

ನಮ್ಮ ಹಿರಿಯರಲ್ಲಿ ಅಕ್ಷರದ ಮೇಲೆ ಒಂದು ಗೌರವವಿದೆ. ಅಚ್ಚಾಗಿ ಕಂಡುದು ನಿಜವಾಗಿಯೇ ಇರಬೇಕೆಂಬ ನಂಬಿಕೆಯಲ್ಲಿ ಬೆಳೆದವರು ಅವರು. ಈ ಯಂತ್ರದ ಉತ್ತರವೂ ಅಚ್ಚಿನಂತೆಯೇ ಕಾಣುತ್ತದೆ, ಪಂಡಿತರ ಧಾಟಿಯಲ್ಲಿಯೇ ಇರುತ್ತದೆ. ಅನುಮಾನಕ್ಕೆ ಎಡೆಯೇ ಇಲ್ಲದಂತೆ ತೋರುತ್ತದೆ. ಅಪಾಯವಿರುವುದು ಇಲ್ಲಿ.

ಅಮೆರಿಕದ ವೈದ್ಯರು 2025ರಲ್ಲಿ ಒಂದು ಪ್ರಕರಣವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. 60 ವರ್ಷದ ಗೃಹಸ್ಥನೊಬ್ಬನು ಅಡುಗೆಯ ಉಪ್ಪು ದೇಹಕ್ಕೆ ಕೆಟ್ಟದ್ದೆಂದು ಓದಿ, ಅದರಲ್ಲಿರುವ ಕ್ಲೋರೈಡಿಗೆ ಬದಲೇನೆಂದು ಚಾಟ್‌ಜಿಪಿಟಿಯನ್ನು ವಿಚಾರಿಸಿದನಂತೆ. ಆಮೇಲೆ ಸೋಡಿಯಂ ಬ್ರೋಮೈಡನ್ನು ತರಿಸಿಕೊಂಡು ಮೂರು ತಿಂಗಳ ಕಾಲ ಉಪ್ಪಿನ ಬದಲು ಅದನ್ನೇ ತಿಂದನು. ಬ್ರೋಮೈಡೆಂದರೆ ಹಿಂದಿನ ಕಾಲದಲ್ಲಿ ನರಗಳ ಉದ್ರೇಕವನ್ನು ತಗ್ಗಿಸುವುದಕ್ಕೆ ಕೊಡುತ್ತಿದ್ದ ಔಷಧ. ಮೈಯಲ್ಲಿ ಶೇಖರವಾದರೆ ಅದೇ ವಿಷ. ನೆರೆಯವನು ತನಗೆ ವಿಷವಿಕ್ಕುತ್ತಿದ್ದಾನೆಂಬ ಭ್ರಮೆಯಿಂದ ಅವನು ಆಸ್ಪತ್ರೆಗೆ ಬಂದನು. ಚೇತರಿಸಿಕೊಂಡು ಮನೆಗೆ ಹಿಂದಿರುಗಲು ಮೂರು ವಾರ ಹಿಡಿಯಿತು. ಆತನು ಅವಿದ್ಯಾವಂತನಲ್ಲ, ಕಾಲೇಜಿನಲ್ಲಿ ಆಹಾರಶಾಸ್ತ್ರವನ್ನು ಓದಿದ್ದವನು. ರಾಸಾಯನಿಕ ಕ್ರಿಯೆಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಸಲ್ಲಬಹುದೆಂಬ ಮಾತು ಊಟದ ಎಲೆಗೆ ಸಲ್ಲುವುದಿಲ್ಲವೆಂದು, ಎದುರಿಗೆ ಕುಳಿತ ವೈದ್ಯನಾಗಿದ್ದರೆ ತಟ್ಟನೆ ಹೇಳುತ್ತಿದ್ದನು.

ಕಾಯಿದೆಯ ವಿಷಯದಲ್ಲಿಯೂ ಹೀಗೆಯೇ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರು ಈ ಯಂತ್ರವು ಕಟ್ಟಿಕೊಟ್ಟ, ಎಂದೂ ನಡೆಯದಿದ್ದ ಮೊಕದ್ದಮೆಗಳನ್ನು ಆಧಾರವಾಗಿ ಸಲ್ಲಿಸಿ, 5000 ಡಾಲರ್ ದಂಡ ತೆತ್ತರು. ಕೆನಡಾ ದೇಶದಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬ ಪ್ರಯಾಣಿಕನಿಗೆ ಏರ್ ಕೆನಡಾ ವಿಮಾನಸಂಸ್ಥೆಯ ಚಾಟ್‌ಬಾಟ್, ದುಃಖದ ಸಂದರ್ಭದ ರಿಯಾಯಿತಿಯನ್ನು ಪ್ರಯಾಣದ ತರುವಾಯವೂ ಕೇಳಿಕೊಳ್ಳಬಹುದೆಂದು ತಪ್ಪಾಗಿ ಹೇಳಿತು. ಅದರ ಮಾತಿಗೆ ತಾನು ಹೊಣೆಯಲ್ಲವೆಂದು ಸಂಸ್ಥೆ ವಾದಿಸಿತಾದರೂ, 2024ರಲ್ಲಿ ನ್ಯಾಯಮಂಡಲಿಯು ಆ ವಾದವನ್ನು ಒಪ್ಪದೆ ಪರಿಹಾರ ಕೊಡಿಸಿತು. ಆತನಿಗೆ ನ್ಯಾಯ ದೊರೆಯಿತು. ಆದರೆ ಅದಕ್ಕಾಗಿ ದೂರು ಹೂಡಿ ಅಲೆಯುವ ಶಕ್ತಿ ಎಲ್ಲ ವೃದ್ಧರಿಗೂ ಇರುವುದೆ?

ಆದುದರಿಂದ ಔಷಧ, ಹಣ, ಕಾಯಿದೆ ಈ ಮೂರರಲ್ಲಿ ಯಂತ್ರದ ಮಾತನ್ನು ವಿಚಾರಣೆಯ ಮೊದಲ ಮೆಟ್ಟಿಲೆಂದು ಮಾತ್ರ ಭಾವಿಸತಕ್ಕದ್ದು. ಮಾತ್ರೆಯನ್ನು ಹೆಚ್ಚಿಸುವುದು, ಕಡಮೆಮಾಡುವುದು, ನಿಲ್ಲಿಸುವುದು—ಇವು ವೈದ್ಯರ ಮಾತಿನಿಂದಲೇ ಆಗಬೇಕು. ಎದೆನೋವು, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಬಲಗುಂದುವುದು ಇಂತಹವು ಕಂಡಾಗ ಯಂತ್ರವನ್ನು ಕೇಳುತ್ತ ಕುಳಿತುಕೊಳ್ಳದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು. ಸರ್ಕಾರದ ಯೋಜನೆಗಳ ವಿಷಯವಾದರೆ, ಯಂತ್ರ ಹೇಳಿದುದನ್ನು ಆಯಾ ಕಚೇರಿಯಲ್ಲಿಯೋ ಅದರ ಅಧಿಕೃತ ಜಾಲತಾಣದಲ್ಲಿಯೋ ತಾಳೆನೋಡಬೇಕು. 70 ವರ್ಷ ತುಂಬಿದವರೆಲ್ಲರಿಗೂ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ರಕ್ಷೆ ನೀಡುವ ಆಯುಷ್ಮಾನ್ ಭಾರತ ಯೋಜನೆಯ ವಿಸ್ತರಣೆ 2024ನೆಯ ಅಕ್ಟೋಬರಿನಲ್ಲಿ ಆರಂಭವಾಯಿತು. ಹಳೆಯ ಬರೆಹದಿಂದ ಕಲಿತ ಯಂತ್ರಕ್ಕೆ ಇಂತಹ ಹೊಸ ಸಂಗತಿ ತಿಳಿಯದೆ, ಹಳೆಯ ನಿಯಮವನ್ನೇ ಹೇಳುವುದು ಅಸಂಭವವಲ್ಲ.

ಮೋಸಗಾರರ ಕೈಚಳಕ

ಬ್ಯಾಂಕಿನ ದೂರವಾಣಿಯ ಸಂಖ್ಯೆಯನ್ನು ಯಂತ್ರದಿಂದ ಕೇಳಿ ಪಡೆಯಬಾರದು. ಸುಳ್ಳು ಸಂಖ್ಯೆಗಳನ್ನು ಜಾಲದಲ್ಲಿ ಬಿತ್ತಿ ಕಾದುಕುಳಿತಿರುವ ವಂಚಕರು ಹಲವರಿದ್ದಾರೆ. ಪಾಸ್‌ಬುಕ್ಕಿನ ಮೇಲೆ ಅಥವಾ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಯನ್ನೇ ನಂಬತಕ್ಕದ್ದು. ಆಧಾರ್ ಸಂಖ್ಯೆ, ಬ್ಯಾಂಕಿನ ಲೆಕ್ಕದ ಸಂಖ್ಯೆ, ಓಟಿಪಿ, ಪಿನ್ ಇವುಗಳನ್ನು ಯಂತ್ರದ ಮುಂದೆ ಆಡಲೇಬಾರದು. ನಾವು ಬರೆದುದು ಅದರ ಒಡೆಯರ ಭಂಡಾರವನ್ನು ಸೇರುವುದೆಂಬುದು ನೆನಪಿನಲ್ಲಿರಲಿ. ಪರೀಕ್ಷೆಯ ಚೀಟಿಯ ಚಿತ್ರ ತೆಗೆಯುವಾಗ ಹೆಸರು ವಿಳಾಸಗಳ ಮೇಲೆ ಒಂದು ಕಾಗದದ ಚೂರನ್ನು ಇಟ್ಟು ತೆಗೆಯುವುದು ಸುಲಭವಾದ ಉಪಾಯ.

ಮನುಷ್ಯರ ಕಂಠವನ್ನು ಅನುಕರಿಸುವ ಯಂತ್ರಗಳೂ ಈಗ ಬಂದಿವೆ. “ಅಜ್ಜಿ, ನಾನು ತೊಂದರೆಯಲ್ಲಿ ಸಿಕ್ಕಿಕೊಂಡಿದ್ದೇನೆ, ಕೂಡಲೆ ಹಣ ಕಳುಹಿಸು” ಎಂದು ಮೊಮ್ಮಗನ ಧ್ವನಿಯೇ ಕೇಳಿಬಂದರೂ, ಒಮ್ಮೆ ಫೋನನ್ನು ಇಟ್ಟು, ತಮಗೆ ಗೊತ್ತಿರುವ ಅವನ ಸಂಖ್ಯೆಗೆ ತಾವೇ ಕರೆಮಾಡಬೇಕು. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಂಡರೆ ಮತ್ತೂ ಒಳ್ಳೆಯದು. ಪೋಲೀಸರ ವೇಷದಲ್ಲಿ ವಿಡಿಯೋ ಕರೆಮಾಡಿ, ‘ಡಿಜಿಟಲ್ ಅರೆಸ್ಟ್’ ಆಗಿದೆಯೆಂದು ಬೆದರಿಸಿ, ಜೀವಮಾನದ ಉಳಿತಾಯವನ್ನು ಸುಲಿದ ಪ್ರಸಂಗಗಳು ನಮ್ಮ ರಾಜ್ಯದಲ್ಲಿಯೂ ನಡೆದಿವೆ. ಅಂತಹ ಬಂಧನವೇ ನಮ್ಮ ಕಾಯಿದೆಯಲ್ಲಿ ಇಲ್ಲವೆಂದು ಪ್ರಧಾನಮಂತ್ರಿಗಳು 2024ನೆಯ ಅಕ್ಟೋಬರಿನ ತಮ್ಮ ಆಕಾಶವಾಣಿ ಭಾಷಣದಲ್ಲಿ ಸ್ಪಷ್ಟಪಡಿಸಿದರು. ಹಣ ಹೋಯಿತೆಂದು ತಿಳಿದ ಕ್ಷಣವೇ 1930ಕ್ಕೆ ತಿಳಿಸಬೇಕು. ಮಕ್ಕಳು ಏನೆಂದುಕೊಂಡಾರೋ ಎಂದು ಮುಚ್ಚಿಟ್ಟುಕೊಂಡರೆ ಆ ಹಣವನ್ನು ತಡೆಹಿಡಿಯುವ ಅವಕಾಶ ಕೈತಪ್ಪುತ್ತದೆ.

ಒಂಟಿತನಕ್ಕೆ ಮದ್ದೆ?

ಇನ್ನು, ಹೇಳುವುದಕ್ಕೆ ಸ್ವಲ್ಪ ಕಷ್ಟವಾದ ವಿಷಯ. ಸಂಜೆಯ ಹೊತ್ತು ಮನೆಯಲ್ಲಿ ಒಬ್ಬರೇ ಕುಳಿತಿರುವ ವೃದ್ಧರಿಗೆ ಈ ಯಂತ್ರವು ಮಾತಿನ ಜೊತೆಯಾಗುತ್ತದೆ. ನ್ಯೂಯಾರ್ಕ್ ರಾಜ್ಯದ ವೃದ್ಧರ ಇಲಾಖೆಯು 2022ರಲ್ಲಿ ‘ಎಲ್ಲಿಕ್ಯೂ’ ಎಂಬ ಪುಟ್ಟ ಮಾತಿನ ಯಂತ್ರವನ್ನು 800ಕ್ಕೂ ಹೆಚ್ಚು ವೃದ್ಧರ ಮನೆಗಳಿಗೆ ಕೊಡುವ ಏರ್ಪಾಡು ಮಾಡಿತು. ಮೌನವೇ ತುಂಬಿದ ಮನೆಯಲ್ಲಿ, ಮಾತ್ರೆಯನ್ನು ನೆನಪಿಸುವ, ಎರಡು ಮಾತನಾಡಿಸುವ ದನಿಯೊಂದಿದ್ದರೆ ಅದನ್ನು ಹಗುರವಾಗಿ ಕಾಣಲಾಗದು.

ಆದರೆ ಯಂತ್ರದ ಸ್ನೇಹಕ್ಕೆ ಒಂದು ದೋಷವುಂಟು. ಅದು ನಮ್ಮನ್ನು ಮೆಚ್ಚಿಸಲು ನೋಡುತ್ತದೆ. 2025ನೆಯ ಏಪ್ರಿಲ್ ತಿಂಗಳಲ್ಲಿ ಓಪನ್‌ಎಐ ಸಂಸ್ಥೆಯು ತನ್ನ ಯಂತ್ರದ ಒಂದು ಹೊಸ ಆವೃತ್ತಿಯನ್ನು, ಅದು ಮಿತಿಮೀರಿ ಮುಖಸ್ತುತಿ ಮಾಡುತ್ತದೆಯೆಂಬ ಕಾರಣಕ್ಕೆ, ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಸೊಸೆಯ ಮೇಲೆ ಮುನಿಸಿಕೊಂಡ ಅತ್ತೆ ತನ್ನ ಪಕ್ಷವನ್ನಷ್ಟೇ ಹೇಳಿಕೊಂಡರೆ, “ನಿಮ್ಮ ನೋವು ನ್ಯಾಯವಾದುದು” ಎಂದು ಅದು ಹೇಳೀತು. ಅದೇ ಮಾತನ್ನು ನೆರೆಮನೆಯ ಗೆಳತಿಯ ಮುಂದೆ ಆಡಿದ್ದರೆ, “ಹೋಗಲಿ ಬಿಡಿ, ಪದ್ಮಮ್ಮನವರೆ, ಆ ಹುಡುಗಿಗೂ ಬೆಳಗಿನಿಂದ ದುಡಿತವಲ್ಲವೆ?” ಎಂದು ಆಕೆ ಹೇಳಿರುತ್ತಿದ್ದಳು. ಮನೆ ಉಳಿಯುವುದು ಇಂತಹ ಮಾತಿನಿಂದ. ವೈಜೆನ್‌ಬಾಮ್ ಅವರಿಗೆ ಅಂದು ಹುಟ್ಟಿದ ಕಳವಳ ಇದೇ: ಕೇಳಿದಂತೆ ನಟಿಸುವುದನ್ನು ಜನರು ಎಷ್ಟು ಬೇಗ ಕೇಳುವುದೆಂದೇ ತಿಳಿದುಬಿಡುತ್ತಾರೆ! ಮನಸ್ಸು ಬಹಳ ಕುಗ್ಗಿದಾಗ ಮನುಷ್ಯರೊಡನೆಯೇ ಮಾತನಾಡಬೇಕು. ಹಿರಿಯ ನಾಗರಿಕರಿಗಾಗಿ 14567 ಎಂಬ ಸಹಾಯವಾಣಿಯುಂಟು. ಮನೋವ್ಯಥೆಗೆ 14416 ಎಂಬ ‘ಟೆಲಿ ಮಾನಸ್’ ಉಂಟು.

ಮಕ್ಕಳಿಗೂ ನಾವು ಒಂದು ಮಾತನ್ನು ಹೇಳಲೇಬೇಕು. ಯಂತ್ರವನ್ನು ಅಪ್ಪನ ಕೈಯಲ್ಲಿಟ್ಟು “ಇನ್ನು ಎಲ್ಲವನ್ನೂ ಇದನ್ನೇ ಕೇಳು” ಎಂದು ಎದ್ದುಹೋಗುವುದು ಕಲಿಸಿದಂತಾಗುವುದಿಲ್ಲ. ಭಾನುವಾರ ಅರ್ಧಗಂಟೆ ಪಕ್ಕದಲ್ಲಿ ಕುಳಿತು, ಅವರ ಬೆರಳಿನಿಂದಲೇ ಒತ್ತಿಸಿ, ಅವರ ಬಾಯಿಂದಲೇ ಕೇಳಿಸಿ, ಹೆಜ್ಜೆಗಳನ್ನು ದಪ್ಪ ಅಕ್ಷರದಲ್ಲಿ ಒಂದು ಪುಸ್ತಕದಲ್ಲಿ ಬರೆದುಕೊಡಬೇಕು. ನಮಗೆ ಅಕ್ಷರವನ್ನು ಕಲಿಸುವಾಗ ಅವರು ಕೈಹಿಡಿದು ತಿದ್ದಿಸಿದುದು ಒಂದೆರಡು ದಿನವಲ್ಲವಷ್ಟೆ.

ಯಂತ್ರಕ್ಕೆ ತಿಳಿಯದುದು

ಕೊನೆಯದಾಗಿ, ನಮ್ಮ ಹಿರಿಯರು ಈ ಯಂತ್ರದ ಮುಂದೆ ಕೇವಲ ಕೇಳುವವರಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ನಮಗೆ ತಿಳಿದ ಅಜ್ಜಿಯೊಬ್ಬರು ತಮ್ಮ ತಾಯಿಯ ಮನೆಯ ಅಡುಗೆಗಳನ್ನು ಬಾಯಿಂದ ಹೇಳಿ ಯಂತ್ರದಿಂದ ಬರೆಯಿಸತೊಡಗಿದರು. ಅವರು ಗೊಜ್ಜೆಂದುದನ್ನು ಅದು ಚಟ್ನಿಯೆಂದು ತಿದ್ದಿತು. “ಒಂದು ಹಿಡಿ”ಯನ್ನು ಗ್ರಾಮಿಗೆ ಇಳಿಸಿತು. ಅಜ್ಜಿ ಬಿಡಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳಿಂದ ಪ್ರತಿಯೊಂದನ್ನೂ ಮತ್ತೆ ತಿದ್ದಿಸಿದರು. ಆ ತಿದ್ದುವ ಕೆಲಸದ ನಡುವೆ, ಗೊಜ್ಜಿಗೂ ಚಟ್ನಿಗೂ ಇರುವ ಭೇದದ ಜೊತೆಗೆ, ಮುತ್ತಜ್ಜಿಯ ಹೆಸರು, ಅವರ ಊರಿನ ಕೆರೆ, ಬರಗಾಲದ ವರ್ಷದಲ್ಲಿ ರಾಗಿಗೆ ಪಟ್ಟ ಪಾಡು ಇವೆಲ್ಲ ಆ ಹುಡುಗಿಗೆ ತಿಳಿದುವು. ಆಕೆ ಹಿಂದೆ ಎಂದೂ ಇವನ್ನು ಕೇಳಿರಲಿಲ್ಲ; ಅಜ್ಜಿಯೂ ಹೇಳಿರಲಿಲ್ಲ.

ಇಂತಹ ಸಂಗತಿಗಳು ಯಾವ ಯಂತ್ರದ ಭಂಡಾರದಲ್ಲಿಯೂ ಇಲ್ಲ. ಇರುವುದು ನಮ್ಮ ಮನೆಯ ಹಿರಿಯರ ನೆನಪಿನಲ್ಲಿ. ಬರೆಯುವ ಶ್ರಮವನ್ನು ಯಂತ್ರವು ವಹಿಸಲಿ. ಹೇಳುವವರು ಹಿರಿಯರಾಗಲಿ, ಪಕ್ಕದಲ್ಲಿ ಕುಳಿತು ಕೇಳುವವರು ಮಕ್ಕಳಾಗಲಿ. ಈ ತಿಂಗಳು ನಮ್ಮ ವಾಚಕರ ಮನೆಗಳಲ್ಲಿ ಒಂದು ಸಂಜೆಯಾದರೂ ಇದಕ್ಕೆ ಮೀಸಲಾಗಲಿ ಎಂದು ಹಾರೈಸುತ್ತೇವೆ.